ಹೋಲ್ಕಂಬ್ ಕಟ್ಟಡದ ಎತ್ತುಗಳು

ಕಟ್ಟಡದ ನೆತ್ತಿಯಲ್ಲಿದ್ದ ಮಣ್ಣಿನ ಎತ್ತುಗಳಲ್ಲಿ ಮೊದಲನೆಯದರ ಹಣೆಯನ್ನು ಆಲ್ಗಟ್ ನೋರ್ಲಿಂಗ್ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ದಬ್ ಎಂದಿತು. ಕೊಂಬಿನ ಬುಡದಲ್ಲಿ ತಟ್ಟಿದ, ದಬ್. ಕೊಂಬಿನಿಂದ ಕೊಂಬಿಗೆ ಇಳಿಬಿದ್ದಿದ್ದ ಹೂಮಾಲೆಯ ಮೇಲೆ ತಟ್ಟಿದ, ಅದೂ ದಬ್. ತೂಗುಹಲಗೆಯ ಇನ್ನೊಂದು ತುದಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಕಾಜಿಮಿರ್ ಇವನ ಕಡೆ ನೋಡುತ್ತಿರಲಿಲ್ಲ. ಬೀದಿಯಾಚೆ ಹೊಸದಾಗಿ ಏಳುತ್ತಿದ್ದ ಗಾಜಿನ ಕಟ್ಟಡದ ಕಡೆ ನೋಡಿಕೊಂಡು ಏನೋ ಹಾಡು ಗುನುಗುತ್ತಿದ್ದ, ಅಥವಾ ಗುನುಗುತ್ತಿರಬೇಕು, ತುಟಿ ಅಲುಗುತ್ತಿತ್ತು. ಆಲ್ಗಟ್ ಜೇಬಿನಿಂದ ಕೆಂಪು ಸೀಮೆಸುಣ್ಣ ತೆಗೆದು ಎತ್ತಿನ ಬಿಳಿ ಹಣೆಯ ಮೇಲೆ ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದ. ಎಳೆದದ್ದು ಬೇರೆ ಯಾರದೋ ಕೈ ಎಂಬಂತಿತ್ತು.

ಈ ಕಸುಬಿನಲ್ಲಿ ಇರುವುದು ಎರಡೇ ಮಾತು: ಜೀವ ಇದೆ, ಸತ್ತಿದೆ. ಸುಟ್ಟ ಮಣ್ಣು ಗಟ್ಟಿಯಾಗಿದ್ದರೆ ತಟ್ಟಿದೊಡನೆ ಟಿಣ್ ಎಂದು ಸಣ್ಣ ಎಳೆಯೊಂದು ಮೇಲೇಳುತ್ತದೆ. ಒಳಗೆ ಬಿರಿದಿದ್ದರೆ ಹಿಟ್ಟಿನ ಮೂಟೆಗೆ ಗುದ್ದಿದ ಹಾಗೆ. ಕಣ್ಣಿಗೆ ಎರಡೂ ಒಂದೇ. ಹೋಲ್ಕಂಬ್ ಕಟ್ಟಡದ ಗೋಡೆ ಯಾವ ಭಾರವನ್ನೂ ಹೊರುವುದಿಲ್ಲ, ಹದಿನಾರು ಅಂತಸ್ತಿನ ಭಾರವೆಲ್ಲ ಒಳಗಿನ ಉಕ್ಕಿನ ಹಂದರದ್ದು, ಆ ಹಂದರದ ಕಾಲು ಷಿಕಾಗೋದ ನೀಲಿ ಕೆಸರನ್ನು ದಾಟಿ ಕೆಳಗಿನ ಬಂಡೆಯ ಮೇಲೆ ನಿಂತಿದೆ. ಗೋಡೆ ಎಂಬುದು ಬರೀ ತೊಗಲು. ಬಿಳಿ ಮೆರುಗು ಕೊಟ್ಟ ಮಣ್ಣಿನ ತುಂಡುಗಳನ್ನು ಕಬ್ಬಿಣದ ಕೊಕ್ಕೆಗಳಿಂದ ಹಂದರಕ್ಕೆ ತಗುಲಿಹಾಕಿದ್ದಾರೆ, ಅಷ್ಟೆ. ಸಂದಿನಲ್ಲಿ ಮಳೆನೀರು ಒಳಗಿಳಿದರೆ ಕೊಕ್ಕೆಗೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬುತ್ತದೆ, ಉಬ್ಬಿ ಹಿಂದಿನಿಂದ ಮಣ್ಣನ್ನು ಸೀಳುತ್ತದೆ. ಮುಖ ಮಾತ್ರ ಕಟ್ಟಿದ ದಿನ ಇದ್ದಂತೆಯೇ ನಗುತ್ತಿರುತ್ತದೆ. ಅದಕ್ಕೇ ತಟ್ಟಿ ನೋಡುವವರು ಬೇಕು. ಊರಿನಲ್ಲಿ ಅಂಥವರು ಬೆರಳೆಣಿಕೆಯಷ್ಟು, ಅವರಲ್ಲಿ ಆಲ್ಗಟ್‌ನ ಕಿವಿಯೇ ಕಿವಿ ಎಂಬ ಮಾತಿತ್ತು. ಆ ಕಿವಿಗೆ ಈ ವಸಂತದಿಂದ ಎಲ್ಲವೂ ಹಿಟ್ಟಿನ ಮೂಟೆ.

ಕೆಳಗಿನ ದಪ್ಪ ಶಬ್ದಗಳು ಇನ್ನೂ ಉಳಿದಿವೆ. ಟ್ರಾಮು ತಿರುಗುವಾಗಿನ ಗುಡುಗು, ಕಾಜಿಮಿರ್‌ನ ಒಡಕು ಗಂಟಲು, ಚರ್ಚಿನ ಆರ್ಗನ್ನಿನ ಅತಿ ಕೆಳಗಿನ ಕೊಳವೆ, ಅದು ಬೆಂಚಿನ ಮರದ ಮೂಲಕ ತೊಡೆಗೆ ಬರುತ್ತದೆ. ಮೇಲಿನದೆಲ್ಲ ಒಂದೊಂದಾಗಿ ಎದ್ದುಹೋಯಿತು. ಮೊದಲು ಗುಬ್ಬಚ್ಚಿಗಳು, ಆಮೇಲೆ ಕೆಟಲಿನ ಸಿಳ್ಳೆ, ಆಮೇಲೆ ಮೊಮ್ಮಗಳ ದನಿ. ಮಣ್ಣಿನ ಕಾರ್ಖಾನೆ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಗಾಳಿಯೊತ್ತಡದ ಸುತ್ತಿಗೆ ಹಿಡಿದು ಕಟ್ಟಡ ಕೆಡವಿದ ಆ ವರ್ಷಗಳ ಫಲ ಇರಬೇಕು. ಏಪ್ರಿಲ್ಲಿನಿಂದ ಅವನು ಕಣ್ಣಿನಿಂದಲೇ ಕೆಲಸ ನಡೆಸಿದ್ದ. ತುಕ್ಕಿನ ಕಲೆ, ಕೂದಲೆಳೆಯ ಬಿರುಕು ಕಂಡಲ್ಲಿ ಕೆಂಪು ಗೀಟು, ಕಾಣದಲ್ಲಿ ಬಿಟ್ಟದ್ದು. ನಡೆಯಿತು. ಆದರೆ ಆಗಸ್ಟಿನಲ್ಲಿ ಬೇರೆ ಯಾವುದೋ ಕಟ್ಟಡದಿಂದ ಒಂದು ತುಂಡು ಕಳಚಿ, ಕೆಳಗೆ ಹೂ ಮಾರುತ್ತಿದ್ದ ಹೆಂಗಸಿನ ಭುಜ ಮುರಿಯಿತು. ಅದನ್ನು ತಟ್ಟಿ ನೋಡಿದವನು ಆಲ್ಗಟ್ ಅಲ್ಲ. ಅವನಲ್ಲ ಎಂದು ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುವ ತನಕ ಎರಡು ದಿನ ಊಟ ಮಾಡಿದ್ದು, ಟ್ರಾಮು ಹತ್ತಿದ್ದು ಯಾವುದೂ ಅವನಿಗೆ ನೆನಪಿಲ್ಲ. ಅಂದಿನಿಂದ ನಿಶ್ಚಯಿಸಿಕೊಂಡಿದ್ದ: ಸುತ್ತಿಗೆ ಏನು ಹೇಳುತ್ತದೋ ಅದೇ. ದಬ್ ಎಂದರೆ ಸತ್ತದ್ದು. ಯಾರ ತಲೆಯ ಮೇಲೂ ಏನೂ ಬೀಳಬಾರದು.

ಬೆಳಿಗ್ಗೆ ಕಟ್ಟಡದ ಪಾರುಪತ್ಯದ ಪ್ರೆಂಟಿಸ್, ಕೆಳಗಿನ ಹಜಾರದಲ್ಲಿ ಕೈಕುಲುಕುತ್ತ ಹೇಳಿದ್ದ: “ನೋಡಿ ಮಿಸ್ಟರ್ ನೋರ್ಲಿಂಗ್, ಅರ್ಧಕ್ಕಿಂತ ಜಾಸ್ತಿ ಸತ್ತಿದ್ರೆ ಪೂರ್ತಿ ಸಾಲೇ ಕತ್ತರಿಸಿ ಹಾಕಿಬಿಡ್ತೀವಿ. ಸಪಾಟಾಗಿ ಇಟ್ಟಿಗೆ ಕಟ್ಟಿ ಮುಗಿಸೋದು. ಈಗಿನ ಕಾಲಕ್ಕೆ ಈ ದನದ ತಲೆ ಯಾರಿಗೆ ಬೇಕು ಹೇಳಿ.” ನಗು ಇತ್ತು, ಒತ್ತಾಯ ಇರಲಿಲ್ಲ. ಮಾತೆಲ್ಲ ಆಲ್ಗಟ್‌ನಿಗೆ ತುಟಿಯಿಂದಲೇ ತಿಳಿದದ್ದು. ಹಜಾರದ ಅಮೃತಶಿಲೆ ಶಬ್ದವನ್ನು ಕಲಸಿಬಿಡುತ್ತದೆ. ತಲೆಯ ಮೇಲೆ ಬಣ್ಣದ ಗಾಜಿನ ಚಾವಣಿ ಇದೆ, ಯುದ್ಧದ ವರ್ಷಗಳಲ್ಲಿ ಬೆಳಕು ಆಚೆ ಹೋಗದಿರಲೆಂದು ಟಾರು ಬಳಿದರು, ಯುದ್ಧ ಮುಗಿದು ಎಷ್ಟೋ ಕಾಲವಾದರೂ ಯಾರೂ ಕೆರೆದಿಲ್ಲ. ದನದ ವ್ಯಾಪಾರಕ್ಕೆ ಸಾಲ ಕೊಡುತ್ತಿದ್ದ ಬ್ಯಾಂಕಿನವರು ಕಟ್ಟಿಸಿದ್ದು ಇದು. ಅದಕ್ಕೇ ನೆತ್ತಿಯ ಉದ್ದಕ್ಕೂ ಎತ್ತುಗಳು. ಮೂವತ್ತರ ದಶಕದಲ್ಲಿ ಬ್ಯಾಂಕು ಮುಳುಗಿತು. ಈಗ ಒಳಗೆ ಹಲ್ಲಿನ ವೈದ್ಯರು, ಟೋಪಿಯ ಸಗಟು ವ್ಯಾಪಾರಿಗಳು, ಒಂದು ಟೈಪಿಂಗ್ ಶಾಲೆ. ಎತ್ತುಗಳು ಮಾತ್ರ ಯಾರು ಬಂದರು ಯಾರು ಹೋದರು ಎಂದು ನೋಡದೆ ಊರಂಚಿನ ಸರೋವರದ ಕಡೆ ಮುಖಮಾಡಿ ನಿಂತೇ ಇವೆ.

ಎರಡನೆಯ ಎತ್ತು, ದಬ್. ಗೀಟು. ಮೂರನೆಯದು. ಹರೆಯದಲ್ಲಿ ಅವನೇ ಒತ್ತಿದ ತಲೆಗಳು ಇವು; ಮೂಗಿನ ಹೊಳ್ಳೆಯ ಒಳಗೆ ಹೆಬ್ಬೆರಳು ಹೊಗಿಸಿ ಮಣ್ಣು ಒತ್ತಬೇಕಿತ್ತು, ಅಲ್ಲೇ ಗಾಳಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಗಾಳಿ ಉಳಿದರೆ ಗೂಡಿನಲ್ಲಿ ಸಿಡಿದು ಪಕ್ಕದ ಹತ್ತು ತುಂಡನ್ನೂ ಹಾಳುಮಾಡುತ್ತದೆ. “ಹೆಬ್ಬೆಟ್ಟಿಂದ ಒತ್ತು, ಅಂಗೈಯಿಂದಲ್ಲ. ರೊಟ್ಟಿ ತಟ್ತಿದೀಯಾ?” ಎಂದು ಮುಖ್ಯ ಒತ್ತುಗಾರ ಹಿಂದಿನಿಂದ ಹೇಳುತ್ತಿದ್ದ. ಹಡಗಿನಿಂದ ಇಳಿದು ಮೊದಲನೆಯ ಚಳಿಗಾಲ. ಊರಿನ ಉತ್ತರದ ಕಾರ್ಖಾನೆಯಲ್ಲಿ ಜಿಪ್ಸಮ್ಮಿನ ಅಚ್ಚಿಗೆ ಒದ್ದೆಮಣ್ಣು ಒತ್ತುವ ಕೆಲಸ. ಗೂಡು ತೆರೆದ ದಿನ ಒಬ್ಬೊಬ್ಬ ಒತ್ತುಗಾರನೂ ತಾನು ಒತ್ತಿದ್ದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಅದು ಟಿಣ್ ಎಂದ ಮೇಲೆಯೇ ಹುಲ್ಲು ಸುತ್ತಿ ಗಾಡಿಗೆ ಹಾಕಬೇಕು, ಅದು ಅಲ್ಲಿಯ ಪದ್ಧತಿ. ಎತ್ತಿನ ತಲೆ ಬಿಸಿಯಾಗಿರುತ್ತಿತ್ತು, ಹಾಲು ಕುಡಿದ ಕರುವಿನ ಹಾಗೆ. ಆ ಟಿಣ್ ಎಂಬ ಶಬ್ದವನ್ನು ನೆನಪಿಗೆ ತಂದುಕೊಳ್ಳಲು ಆಲ್ಗಟ್ ಈಗ ಯತ್ನಿಸಿದ. ಬಿಸಿ ನೆನಪಿತ್ತು, ಹುಲ್ಲಿನ ವಾಸನೆ ನೆನಪಿತ್ತು, ಒತ್ತುಗಾರನ ಹೊಗೆಸೊಪ್ಪಿನ ಬಾಯಿ ನೆನಪಿತ್ತು. ಶಬ್ದ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಮೂರನೆಯದರ ಹಣೆಗೂ ಗೀಟು ಎಳೆದ.

ಹಗ್ಗ ಎಳೆದು ಹಲಗೆ ಏರಿಸಿ, ಮೇಲಿನ ತೊಲೆ ಸರಿಸಿ, ಮತ್ತೆ ಇಳಿಯುವುದು. ಒಂದು ಇಳಿತಕ್ಕೆ ಮೂರು ತಲೆ. ಇಬ್ಬರೂ ಒಂದೇ ತಾಳದಲ್ಲಿ ಹಗ್ಗ ಎಳೆಯದಿದ್ದರೆ ಹಲಗೆ ವಾಲುತ್ತದೆ, ಎಂಟು ವರ್ಷದಿಂದ ಜೊತೆಗೆ ಎಳೆದು ಅವರಿಗೆ ಹೇಳಿಕೊಳ್ಳುವ ಅಗತ್ಯ ಇರಲಿಲ್ಲ. ಪ್ರತಿ ಇಳಿತಕ್ಕೂ ಕಾಜಿಮಿರ್ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾನೆ, ಆಲ್ಗಟ್ ಕಣ್ಣು ಮುಚ್ಚಿ ಒಂದು ಕ್ಷಣ ತಲೆ ತಗ್ಗಿಸುತ್ತಾನೆ. ದೇವರು ಒಬ್ಬನೇ, ದಾರಿ ಎರಡು, ಹಲಗೆ ಒಂದು ಎಂದು ಕಾಜಿಮಿರ್‌ನ ತಮಾಷೆ. ಇವತ್ತು ಕಣ್ಣು ಮುಚ್ಚಿದಾಗ ಆಲ್ಗಟ್‌ನಿಗೆ ಪ್ರಾರ್ಥನೆ ಬರಲಿಲ್ಲ. ಭಾನುವಾರದ ಗಾಯಕವೃಂದದ ಹಿಂದಿನ ಸಾಲು ಬಂತು. ಅಲ್ಲಿ ಅವನು ನಿಂತು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಈಸ್ಟರಿನ ಹಿಂದಿನ ವಾರ ಅವನ ಸ್ವರ ಎಲ್ಲೋ ಹೋಗಿ, ಮುಂದಿನ ಸಾಲಿನ ಹುಡುಗಿಯರು ತಿರುಗಿ ನೋಡಿದ್ದರು. ಒಬ್ಬಳು ನಗು ತಡೆಯಲು ಕೀರ್ತನೆಯ ಪುಸ್ತಕದಿಂದ ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಬರೀ ಬಾಯಿ. ದೇವರ ಮನೆಯಲ್ಲಿ, ದೇವರ ಎದುರಿಗೆ, ದೇವರ ಮಾತಿಗೇ ಬಾಯಿ ಆಡಿಸುವುದು. ಇದಕ್ಕೆ ಏನು ಹೆಸರೋ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ, ಅದೇ ಅವನಿಗೆ ಹೆದರಿಕೆ; ಹೆದರಿಕೆಯೂ ದೂರದ್ದು, ನೆರೆಮನೆಯವರ ಹೆದರಿಕೆಯಂತೆ.

ಹಡಗು ಹತ್ತುವ ಮೊದಲಿನ ಊರಿನಲ್ಲಿ ಅವನ ಅಜ್ಜಿ ಹೇಳುತ್ತಿದ್ದಳು. ಒಂದಾನೊಂದು ಕಾಲಕ್ಕೆ ನಮ್ಮ ಕೆರೆಯಾಚೆಯ ಚರ್ಚಿಗೆ ಗಂಟೆ ತರುತ್ತಿದ್ದರಂತೆ, ಚಳಿಗಾಲ, ಕೆರೆಯೆಲ್ಲ ಹೆಪ್ಪು. ಜಾರುಗಾಡಿಗೆ ಎರಡು ಎತ್ತು ಕಟ್ಟಿದ್ದರಂತೆ. ನಡುಕೆರೆಗೆ ಬಂದಾಗ ಗಾಡಿಯವನು ತನ್ನ ಬಲವೇ ಬಲ ಎಂದು ಜಂಬ ಕೊಚ್ಚಿದನಂತೆ. ಮಂಜು ಬಿರಿಯಿತು, ಗಂಟೆ, ಎತ್ತು, ಗಾಡಿ ಎಲ್ಲ ಒಳಗೆ. ಗಾಡಿಯವನು ಮಾತ್ರ ದಡಕ್ಕೆ ಬಂದ, ಬದುಕಿರುವ ತನಕ ಚಳಿ ಬಿಡಲಿಲ್ಲ ಅವನಿಗೆ. ಈಗಲೂ ಕ್ರಿಸ್‌ಮಸ್ಸಿನ ಬೆಳಗ್ಗೆ ಮಂಜಿನ ಮೇಲೆ ಕಿವಿ ಇಟ್ಟರೆ ಆ ಗಂಟೆ ಕೇಳಿಸುತ್ತದೆ, ಮನಸ್ಸು ಚೊಕ್ಕಟ ಇದ್ದವರಿಗೆ. ಆಲ್ಗಟ್ ಕಿವಿ ಇಟ್ಟಿದ್ದ. ಸುತ್ತ ಅಣ್ಣಂದಿರು, ಪಕ್ಕದ ಮನೆಯ ಮಕ್ಕಳು, ಎಲ್ಲರೂ ಒಬ್ಬೊಬ್ಬರಾಗಿ, ಕೇಳಿಸಿತು, ಕೇಳಿಸಿತು ಎಂದರು. ಕಿವಿ ಸುಡುವಷ್ಟು ತಣ್ಣಗಿತ್ತು. ಅವನೂ ಕೇಳಿಸಿತು ಎಂದ. ಅಜ್ಜಿ ಅವನ ಕೆಂಪಾದ ಕಿವಿಯನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದು ಏನೂ ಹೇಳಲಿಲ್ಲ. ನೀರಿನೊಳಗೆ ನೊಗ ಹೊತ್ತುಕೊಂಡೇ ಎತ್ತುಗಳು ನಿಂತಿವೆಯೆಂದು ಎಷ್ಟೋ ರಾತ್ರಿ ಅವನಿಗೆ ಕಂಡಿತ್ತು.

ಮಧ್ಯಾಹ್ನ ಚಾವಣಿಯ ಮೇಲೆ, ನೀರಿನ ತೊಟ್ಟಿಯ ನೆರಳಲ್ಲಿ ಕೂತರು. ಕಾಜಿಮಿರ್ ಕಪ್ಪು ರೊಟ್ಟಿ, ಸಾಸೇಜು, ಉಪ್ಪಿನಕಾಯಿ ಸೌತೆ ಬಿಚ್ಚಿದ. ಆಲ್ಗಟ್ ಕಾಫಿ ಬಗ್ಗಿಸಿಕೊಂಡ. ದಿನವೂ ಒಂದು ಸೌತೆ ಈ ಕಡೆ ಬರುತ್ತಿತ್ತು, ಒಂದು ಲೋಟ ಕಾಫಿ ಆ ಕಡೆ ಹೋಗುತ್ತಿತ್ತು. ಇವತ್ತು ಸೌತೆ ಬರಲಿಲ್ಲ. ಆಲ್ಗಟ್ ಲೋಟ ಚಾಚಿದ. ಕಾಜಿಮಿರ್ ಅದನ್ನು ನೋಡಿದ, ತೆಗೆದುಕೊಳ್ಳಲಿಲ್ಲ.

“ಯಜಮಾನ್ರೇ,” ಎಂದ, ಗಟ್ಟಿಯಾಗಿಯೇ. “ಎಷ್ಟು ಕೊಟ್ಟ ಆ ಪ್ರೆಂಟಿಸ್ಸು?”

ಆಲ್ಗಟ್ ಚಾಚಿದ್ದ ಲೋಟವನ್ನು ಹಿಂದಕ್ಕೆಳೆದುಕೊಂಡ.

“ಅಲ್ಲ, ತಿಳ್ಕೊಳ್ಳೋಣ ಅಂತ. ನಂಗೇನೂ ಪಾಲು ಬೇಡ. ನನ್ನ ಕೆಲಸ ಹಗ್ಗ ಎಳೆಯೋದು. ಆದ್ರೆ ಕಿವಿ ಅನ್ನೋದು ನಂಗೂ ಎರಡು ಕೊಟ್ಟಿದಾನೆ ದೇವರು. ಎಂಟು ವರ್ಷ ನಿಮ್ಮ ಪಕ್ಕ ನಿಂತಿದೀನಿ. ಸತ್ತಿದ್ದು ಯಾವುದು, ಬದುಕಿದ್ದು ಯಾವುದು ಇಷ್ಟೊತ್ತಿಗೆ ನನ್ನ ಹೆಂಡ್ತಿಗೂ ಗೊತ್ತಾಗುತ್ತೆ.”

“ಏನು ಕೇಳಿಸ್ತು ನಿಂಗೆ?”

“ಏನು ಕೇಳಿಸ್ತು ಅಂತ ನನ್ನ ಕೇಳ್ತೀರಾ? ಈಸ್ಟರ್ ದಿನ ಗಂಟೆ ಬಾರಿಸುವಾಗ ಚರ್ಚಿನ ಮುಂದೆ ನಿಂತಂಗಿತ್ತು ಬೆಳಿಗ್ಗೆಯಿಂದ. ನೀವು ಒಂದೊಂದಕ್ಕೂ ಗೀಟು ಹಾಕ್ತಾ ಹೋದ್ರಿ, ಕಸಾಯಿಖಾನೆ ಗುಮಾಸ್ತನ ಥರ.” ಅವನು ರೊಟ್ಟಿ ಮುರಿದ, ತಿನ್ನಲಿಲ್ಲ. “ತಗೊಳ್ಳೋರು ತಗೋತಾರೆ, ನಾನು ನೋಡಿಲ್ವಾ. ನೀವು ತಗೋತೀರಿ ಅಂದ್ಕೊಂಡಿರಲಿಲ್ಲ, ಅಷ್ಟೆ.”

ಹಾಗಾದರೆ ಎಲ್ಲವೂ ಬದುಕಿದ್ದವು. ಆಲ್ಗಟ್ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಕಾಫಿ ನುಂಗಿದ. ಈಗ ಹೇಳಬಹುದಿತ್ತು. ಒಂದೇ ಮಾತು. ಲಂಚ ತಿಂದವನು ಎಂದುಕೊಂಡರೆ ಕಾಜಿಮಿರ್ ಇನ್ನೊಬ್ಬನ ಹಲಗೆಗೆ ಹೋಗುತ್ತಾನೆ. ಬಾಯಿ ಬಿಡುವುದಿಲ್ಲ, ಅಂಥವನಲ್ಲ. ಕಸುಬು ಉಳಿಯುತ್ತದೆ. ಕಿವುಡ ಎಂದು ಗೊತ್ತಾದರೆ ಕಸುಬೂ ಇಲ್ಲ, ಏಪ್ರಿಲ್ಲಿನಿಂದ ಈಚೆಗೆ ತಟ್ಟಿದ್ದೆಲ್ಲದರ ಅಡಿಯಲ್ಲಿ ಜನ ಓಡಾಡುತ್ತಿದ್ದಾರೆ. ಕಳ್ಳನೋ ಕಿವುಡನೋ, ಎರಡರಲ್ಲಿ ಯಾವುದು ಎಂದು ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ, ಅಂಗಡಿಯಲ್ಲಿ ಎರಡು ಟೋಪಿ ನೋಡುವವನಂತೆ. ಕಳ್ಳನ ಟೋಪಿಯೇ ಹಗುರವೆನಿಸಿತು. ಅದು ಹಗುರವೆನಿಸಿದ್ದಕ್ಕಾದರೂ ನಾಚಿಕೆಯಾಗಲಿ ಎಂದು ಕಾದ. ಗಾಳಿ ಬೀಸುತ್ತಿತ್ತು, ಮುಖಕ್ಕೆ ತಾಗುತ್ತಿತ್ತು, ಶಬ್ದ ಇರಲಿಲ್ಲ.

“ಇಳಿಯೋಣ,” ಎಂದ.

ಮತ್ತೆ ಇಳಿದರು. ಹಲಗೆ ಮೊದಲ ಸಲ ವಾಲಿತು; ಕಾಜಿಮಿರ್ ತನ್ನ ಪಾಡಿಗೆ ಎಳೆಯುತ್ತಿದ್ದ. ಎದುರಿಗೆ ಇನ್ನೊಂದು ಎತ್ತು. ಇದರ ಒಂದು ಕಿವಿ ಸ್ವಲ್ಪ ಮಡಚಿದಂತಿತ್ತು, ಒದ್ದೆಯಿದ್ದಾಗ ಯಾರೋ ಅಚ್ಚಿನಿಂದ ಅವಸರದಲ್ಲಿ ಬಿಡಿಸಿದ್ದಾರೆ. ಆಲ್ಗಟ್ ತಟ್ಟಿದ. ದಬ್. ಸೀಮೆಸುಣ್ಣ ತೆಗೆದ. ಕಾಜಿಮಿರ್ ಸರೋವರದ ಕಡೆ ತಿರುಗಿಕೊಂಡ, ನೋಡಬಾರದ್ದನ್ನು ನೋಡಬಾರದು ಎಂಬಂತೆ. ಆ ಬೆನ್ನು. ಎಂಟು ವರ್ಷ ಆ ಬೆನ್ನು ತಿರುಗಿರಲಿಲ್ಲ. ಆಲ್ಗಟ್ ಸೀಮೆಸುಣ್ಣವನ್ನು ಹಣೆಯ ಹತ್ತಿರ ಹಿಡಿದೇ ನಿಂತ. ಎತ್ತಿನ ಕಣ್ಣಿನ ಗುಳಿಯಲ್ಲಿ ಮಸಿ ಕೂತಿತ್ತು, ಕೂತ ಮಸಿಯ ಮೇಲೆ ಮಳೆ ಒಂದು ದಾರಿ ಮಾಡಿತ್ತು. ಅವನು ತನ್ನ ಹಣೆಯನ್ನು ಅದರ ಹಣೆಗೆ ಒತ್ತಿ, ಪಕ್ಕದಲ್ಲಿ ಇನ್ನೊಮ್ಮೆ ತಟ್ಟಿದ. ಮೂಳೆಯ ಮೂಲಕವಾದರೂ ಬರಬಹುದು ಎಂದು. ತಣ್ಣಗಿತ್ತು. ಏನೂ ಬರಲಿಲ್ಲ. ಹೀಗೆಯೇ ಮಂಜಿನ ಮೇಲೆ ಮಲಗಿದ್ದ, ಹೀಗೆಯೇ.

“ಕಾಜಿಮಿರ್,” ಎಂದ. “ಇಲ್ಲಿ ಬಾ. ನೀನು ಹೊಡಿ.”

“ನಾನ್ಯಾಕೆ ಹೊಡೀಲಿ. ಪಾಪ ಹಂಚ್ಕೋಬೇಕಾ?”

“ಹಗ್ಗ ಕಟ್ಟಿ ಬಾ. ಹೊಡೆದು, ಏನು ಅನ್ನುತ್ತೆ ಅಂತ ನಂಗೆ ಹೇಳು.”

ಕಾಜಿಮಿರ್ ಹಗ್ಗ ಬಿಗಿದು ಹಲಗೆಯ ಮೇಲೆ ಹೆಜ್ಜೆಯಿಟ್ಟು ಬಂದ. ಸುತ್ತಿಗೆ ತೆಗೆದುಕೊಂಡ. ತಟ್ಟಿದ. ತಟ್ಟಿ, ಎತ್ತಿನ ಕಡೆಯಲ್ಲ, ಆಲ್ಗಟ್‌ನ ಮುಖದ ಕಡೆ ನೋಡಿದ. ಇನ್ನೊಮ್ಮೆ ತಟ್ಟಿದ, ನೋಡಿದ. ಅವನ ತುಟಿ ಅಲುಗಿತು, ಬಹಳ ಮೆಲ್ಲಗೆ ಏನೋ ಅಂದಿರಬೇಕು, ಆಲ್ಗಟ್ ಉತ್ತರಿಸಲಿಲ್ಲ. ಅಷ್ಟರಲ್ಲೇ ಕಾಜಿಮಿರ್‌ನ ಮುಖದಿಂದ ಬೆಳಗಿನಿಂದ ಇದ್ದದ್ದು ಇಳಿದುಹೋಗಿ, ಬೇರೆ ಏನೋ ಬಂದು ಕೂತಿತು. ಅದು ಮೊದಲಿನದಕ್ಕಿಂತ ಒಳ್ಳೆಯದೆಂದು ಆಲ್ಗಟ್‌ನಿಗೆ ಅನ್ನಿಸಲಿಲ್ಲ.

“ಯಾವಾಗಿಂದ?” ಕಿವಿಯ ಹತ್ತಿರ ಬಾಯಿ ತಂದು ಕೇಳಿದ.

“ವಸಂತದಿಂದ. ಅದಕ್ಕೂ ಮುಂಚೆಯಿಂದ.”

“ಅಯ್ಯೋ ನಿಮ್ಮ. ನಾನು ಬೆಳಿಗ್ಗೆಯಿಂದ ನಿಮ್ಮ ಮೇಲೆ ಎಂಥೆಂಥಾ ಬೈಗುಳ ಹಾಡು ಕಟ್ಟಿ ಹಾಡ್ತಿದ್ದೆ ಗೊತ್ತಾ. ತಿರುಗಿ ನೋಡ್ಲಿಲ್ಲ, ಎಂಥಾ ದಪ್ಪ ಚರ್ಮ ಮುದುಕಂದು ಅಂದ್ಕೊಂಡೆ.”

“ಏನು ಅನ್ನುತ್ತೆ ಇದು?”

ಕಾಜಿಮಿರ್ ಮತ್ತೆ ತಟ್ಟಿದ. ಹುಬ್ಬು ಮೇಲೇರಿಸಿಕೊಂಡು ನಿಂತ, ದೂರದ್ದೇನನ್ನೋ ಕೊನೆಯ ತನಕ ಹಿಂಬಾಲಿಸುವವನಂತೆ. “ಜೀವ ಇದೆ,” ಎಂದ. “ಇನ್ನೂ ಇದೆ. ಇನ್ನೂ. ಹಾ, ಈಗ ಹೋಯ್ತು.”

ಮತ್ತೆ ಮೊದಲಿನಿಂದ ತೊಲೆ ಸರಿಸಿದರು. ಆಲ್ಗಟ್ ಹಗ್ಗ ಹಿಡಿದ, ಕಾಜಿಮಿರ್ ತಟ್ಟಿದ. ಜೀವ ಇದೆ ಎಂದದ್ದಕ್ಕೆಲ್ಲ ಆಲ್ಗಟ್ ಕಾಫಿಯಲ್ಲಿ ಒದ್ದೆ ಮಾಡಿದ ಕರವಸ್ತ್ರದಿಂದ ಹಣೆ ಒರೆಸಿದ, ಕೆಂಪು ಬಣ್ಣ ಇಳಿದು ಮೂಗಿನ ತನಕ ಹರಿಯಿತು, ಅದನ್ನೂ ಒರೆಸಿದ. ಆಗ್ನೇಯದ ಮೂಲೆಯ ಒಂದಕ್ಕೆ ಮಾತ್ರ ಕಾಜಿಮಿರ್ ತಲೆಯಾಡಿಸಿದ, ಮೂರು ಕಡೆ ತಟ್ಟಿ, “ಇದು ಹೋಗಿದೆ ಯಜಮಾನ್ರೇ, ಹಿಟ್ಟಿನ ಮೂಟೆ,” ಎಂದ. ಅದರ ಗೀಟು ಹಾಗೇ ಉಳಿಯಿತು. ಕೆಲಸ ಮುಗಿಯುವ ಹೊತ್ತಿಗೆ ಸೂರ್ಯ ಕಟ್ಟಡಗಳ ಹಿಂದೆ ಹೋಗಿ, ಎತ್ತುಗಳ ಮುಖದ ಮೇಲೆ ಬೀದಿಯಾಚೆಯ ಗಾಜಿನ ಬೆಳಕು ಬಿದ್ದಿತ್ತು.

ಹಜಾರದಲ್ಲಿ ಪ್ರೆಂಟಿಸ್ ಕಾಯುತ್ತಿದ್ದ. “ಒಂದೇನಾ?” ಎಂದ.

“ಒಂದೇ,” ಎಂದ ಕಾಜಿಮಿರ್.

ಪ್ರೆಂಟಿಸ್ ಮೇಲಿನ ಟಾರು ಬಳಿದ ಗಾಜಿನ ಕಡೆ ಒಮ್ಮೆ ನೋಡಿದ. “ಇನ್ನೇನು ಮಾಡೋಕಾಗುತ್ತೆ. ಬೇರೆ ಯಾರಾದ್ರೂ ಹೇಳಿದ್ರೆ ನಾನು ಇನ್ನೊಬ್ಬರನ್ನ ಕೇಳ್ತಿದ್ದೆ, ಮಿಸ್ಟರ್ ನೋರ್ಲಿಂಗ್. ಆದ್ರೆ ನಿಮ್ಮ ಕಿವಿ ಅಂದ್ರೆ ನಗರಸಭೆಯೋರೂ ಎದ್ದು ನಿಲ್ತಾರೆ. ಸರಿ. ಇರಲಿ ಬಿಡಿ ಆ ದನಗಳು.”

ಮಾತು ಅಲ್ಲಿಗೆ ಮುಗಿದಿತ್ತು. ಟೋಪಿ ಹಾಕಿಕೊಂಡು ಹೊರಡುವುದಷ್ಟೇ ಬಾಕಿ. ಕಾಜಿಮಿರ್ ಆಗಲೇ ಮೊಳಕೈ ಹಿಡಿದು ಬಾಗಿಲ ಕಡೆ ಎಳೆಯುತ್ತಿದ್ದ. ಲಿಫ್ಟಿನಿಂದ ಟೈಪಿಂಗ್ ಶಾಲೆಯ ಹುಡುಗಿಯರು ಇಳಿದು ಇವರ ಸುತ್ತ ಹಾದುಹೋದರು, ಎಲ್ಲರ ಬಾಯಿಯೂ ಆಡುತ್ತಿತ್ತು. ಆಡುವ ಬಾಯಿಗಳ ನಡುವೆ ನಿಂತ ಆಲ್ಗಟ್‌ನ ಕಿವಿಗಳ ಮೇಲೆ ಒಂದು ಹಳೆಯ ಬೆಚ್ಚನೆಯ ಅಂಗೈ ಬಂದಂತಾಯಿತು. ಏನೂ ಹೇಳದ ಅಂಗೈ.

“ನಂಗೆ ಕೇಳಿಸಲ್ಲ,” ಎಂದ. ತನ್ನ ಧ್ವನಿ ಎಷ್ಟು ಜೋರಾಗಿ ಬಂತೋ ಅವನಿಗೆ ತಿಳಿಯಲಿಲ್ಲ. ಒಬ್ಬಿಬ್ಬರು ಹುಡುಗಿಯರು ತಿರುಗಿ ನೋಡಿದರು. “ಬಹಳ ದಿನದಿಂದ ಕೇಳಿಸಲ್ಲ. ಇವತ್ತು ಕಿವಿಗೊಟ್ಟು ಕೇಳಿದವನು ಇವನು. ವಸಂತದಿಂದ ನಾನು ನೋಡಿದ್ದನ್ನೆಲ್ಲ ಇನ್ನೊಬ್ಬರು ತಟ್ಟಿ ನೋಡ್ಬೇಕು. ಯಾವ ಯಾವ ಕಟ್ಟಡ ಅಂತ ನಾಳೆ ನಗರಸಭೆಗೆ ಹೋಗಿ ಹೇಳ್ತೀನಿ.”

ಪ್ರೆಂಟಿಸ್ ಒಮ್ಮೆ ಕಾಜಿಮಿರ್‌ನ ಕಡೆ, ಒಮ್ಮೆ ಆಲ್ಗಟ್‌ನ ಕಡೆ ನೋಡಿದ. ಆಮೇಲೆ ಅವನ ಮುಖ ಸಡಿಲವಾಯಿತು. ಒಳ್ಳೆಯ ಮನುಷ್ಯ, ಕೈ ಮುಂದೆ ಚಾಚಿದ. “ಹೇಳಿದ್ದಕ್ಕೆ ಬಹಳ ಉಪಕಾರ,” ಎಂದ ಬಿಡಿಬಿಡಿಯಾಗಿ, ಮಕ್ಕಳಿಗೆ ಹೇಳುವಂತೆ. “ಹಾಗಿದ್ರೆ ಇವತ್ತಿನದು ಲೆಕ್ಕಕ್ಕಿಲ್ಲ, ಅಲ್ವಾ. ನಾನೇ ಯಾರನ್ನಾದ್ರೂ ಹುಡುಕ್ತೀನಿ.” ಯಾರನ್ನು ಹುಡುಕುತ್ತಾನೆ, ಅವನು ಬಂದು ಏನು ಹೇಳುತ್ತಾನೆ, ಇದು ಮೂವರಿಗೂ ಗೊತ್ತಿತ್ತು.

ಬೀದಿಗೆ ಬಂದ ಮೇಲೆ ಕಾಜಿಮಿರ್ ಹಗ್ಗದ ಸುರುಳಿಯನ್ನು ನೆಲಕ್ಕೆ ಎಸೆದ. “ಏನು ಗಿಟ್ಟಿತು? ಇನ್ನೂ ಐವತ್ತು ವರ್ಷ ನಿಂತಿರ್ತಿದ್ವು. ಕಡೀತಾನೆ ಈಗ, ಎಲ್ಲಾನೂ ಕಡೀತಾನೆ.”

“ಕೇಳಿಸದೇ ಇರೋದನ್ನ ಕೇಳಿಸ್ತು ಅನ್ನೋಕಾಗಲ್ಲ.”

“ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದ್ರಲ್ಲ.”

“ಹೌದು,” ಎಂದ ಆಲ್ಗಟ್.

ಕಾಜಿಮಿರ್ ಹಗ್ಗವನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಹೋಗುವ ಮುಂಚೆ ಡಬ್ಬಿ ತೆರೆದು, ಉಳಿದಿದ್ದ ಸೌತೆಯನ್ನು ಕಾಗದದಲ್ಲಿ ಸುತ್ತಿ ಆಲ್ಗಟ್‌ನ ಕೋಟಿನ ಜೇಬಿಗೆ ತುರುಕಿದ. ಆಲ್ಗಟ್ ಮೇಲೆ ನೋಡಿದ. ಬೀದಿಯಿಂದ ಎತ್ತುಗಳ ಮುಖ ಕಾಣುವುದಿಲ್ಲ, ಬರೀ ಮೂಗು.

ಗುರುವಾರವಾದ್ದರಿಂದ, ಹುಟ್ಟೂರಿನ ರೂಢಿಯಂತೆ, ಮನೆಯಲ್ಲಿ ಬಟಾಣಿ ಸೂಪು. ಹೆಂಡತಿ ಸಿಗ್ನೆ ಕೈ ಜೋಡಿಸಿ ಪ್ರಾರ್ಥನೆ ಹೇಳಿದಳು, ಅವನು ಅವಳ ತುಟಿ ನಿಲ್ಲುವುದನ್ನು ನೋಡಿಕೊಂಡು ಆಮೆನ್ ಎಂದ. ಜೇಬಿನ ಸೌತೆಯನ್ನು ತಟ್ಟೆಯ ಪಕ್ಕ ಇಟ್ಟ. ಮಗಳು ಹುಟ್ಟಿದಂದಿನಿಂದ ಸಿಗ್ನೆ ಅವನ ಹೆಸರು ಹಿಡಿದು ಕರೆದವಳಲ್ಲ, ಅಪ್ಪ ಎಂದೇ ಕರೆಯುವುದು.

“ಭಾನುವಾರದಿಂದ ನಾನು ಹಾಡಲ್ಲ,” ಎಂದ.

ಅವಳು ಚಮಚ ಕೆಳಗಿಟ್ಟಳು. ಕುರ್ಚಿ ಸರಿಸಿಕೊಂಡು, ಮುಖ ಅವನ ಮುಖದ ನೇರಕ್ಕೆ ಬರುವ ಹಾಗೆ ಕೂತಳು. “ನೀವು ಹಾಡೋದು ಬಿಟ್ಟು ಬಹಳ ದಿನ ಆಯ್ತಲ್ಲ ಅಪ್ಪ,” ಎಂದಳು. “ಮೂರನೇ ಬೆಂಚಲ್ಲಿ ಕೂತಿರ್ತೀನಿ. ಅಷ್ಟು ಜನದ ಮಧ್ಯೆ ನಿಮ್ಮ ಧ್ವನಿ ಇಲ್ಲ ಅಂತ ನಂಗೆ ಗೊತ್ತಾಗಲ್ವಾ?”

ಅವನು ಪಿಂಗಾಣಿ ಬಟ್ಟಲಿನ ಅಂಚನ್ನು ಚಮಚದಿಂದ ಒಮ್ಮೆ ತಟ್ಟಿದ. ಸಿಗ್ನೆಯ ಕಣ್ಣು ಬಟ್ಟಲಿನ ಕಡೆ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಅವನ ಕಡೆಗೆ ಬಂತು. ಅಷ್ಟು ಹೊತ್ತು ಆ ಟಿಣ್ ಇತ್ತು ಎಂದು ಅವನು ತಿಳಿದುಕೊಂಡ. ಚಮಚ ಸೂಪಿಗೆ ಅದ್ದಿ ಬಾಯಿಗೆ ಇಟ್ಟ. ಬಿಸಿಯಾಗಿತ್ತು, ನಾಲಿಗೆ ಸುಟ್ಟಿತು.